ಲಿವಿಯಾ ಕೈಯಲ್ಲಿದ್ದ ಹಣ



ಚಾರ್ಟರ್ಡ್ ಅಕೌಂಟೆಂಟ್ ಬಂದರೆ ತೆರಿಗೆಯ ಮಾತೇ ಎಂದುಕೊಂಡಿರುತ್ತೀರಿ. ಇವತ್ತು ನಾನು ಒಂದು ಪ್ರೇಮಕಥೆಯ ಸಿನಿಮಾದ ಬಗ್ಗೆ ಮಾತಾಡುತ್ತೇನೆ.

1954ರ ಇಟಾಲಿಯನ್ ಚಿತ್ರ ‘ಸೆನ್ಸೊ’. ನಿರ್ದೇಶಕ ಲುಕಿನೊ ವಿಸ್ಕೊಂಟಿ. ಮೂಲ, ಕಮಿಲ್ಲೊ ಬೊಯಿಟೊ ಬರೆದು 1883ರಲ್ಲಿ ಪ್ರಕಟವಾದ ಕಿರುಕಾದಂಬರಿ. ಚಿತ್ರದ ಕಾಲ 1866. ವೆನಿಸ್ ಆಗ ಆಸ್ಟ್ರಿಯಾದ ಕೈಯಲ್ಲಿತ್ತು. ಕೌಂಟೆಸ್ ಲಿವಿಯಾ ಮದುವೆಯಾದವಳು, ದೇಶಾಭಿಮಾನಿ. ಆದರೂ ಆಸ್ಟ್ರಿಯಾ ಸೇನೆಯ ಲೆಫ್ಟಿನೆಂಟ್ ಫ್ರಾಂಜ್‌ಗೆ ಮನಸೋಲುತ್ತಾಳೆ. ಸ್ವಾತಂತ್ರ್ಯ ಹೋರಾಟಕ್ಕೆಂದು ಕೂಡಿಸಿದ ಹಣವನ್ನು ಅವಳ ಸೋದರಸಂಬಂಧಿ ಉಸ್ಸೋನಿ ನಂಬಿ ಅವಳ ವಶಕ್ಕೆ ಕೊಟ್ಟಿರುತ್ತಾನೆ. ಡಾಕ್ಟರುಗಳಿಗೆ ಲಂಚ ಕೊಟ್ಟರೆ ಫ್ರಾಂಜ್ ಯುದ್ಧದಿಂದ ಪಾರಾಗಬಹುದು ಎಂದಾದಾಗ ಅವಳು ಆ ಹಣವನ್ನೇ ತೆಗೆದುಕೊಡುತ್ತಾಳೆ.

ಬೊಯಿಟೊ ಕಥೆಯಲ್ಲಿ ಅವಳು ಕೊಡುವುದು ತನ್ನದೇ ಒಡವೆ, ಹಣ. ನಷ್ಟವೂ ಅವಳದೇ. ವಿಸ್ಕೊಂಟಿ ಅದನ್ನು ಜನರ ಹಣವಾಗಿ ಬದಲಾಯಿಸಿದರು. ಪ್ರೇಮಕಥೆ ಅಲ್ಲಿಗೆ ನಂಬಿಕೆದ್ರೋಹದ ಕಥೆಯೂ ಆಯಿತು. ನಮ್ಮ ವೃತ್ತಿಯಲ್ಲೂ ಹಣ ಎಷ್ಟು ಎಂದು ಕೇಳುವ ಮೊದಲು ಯಾರದು ಎಂದು ಕೇಳುತ್ತೇವೆ.

ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ ಎನ್ನುತ್ತೇವೆ. ಲಿವಿಯಾ ತನಗಾಗಿ ಒಂದು ಕಾಸೂ ಇಟ್ಟುಕೊಳ್ಳಲಿಲ್ಲ. ಪ್ರೀತಿಯ ಜೀವ ಉಳಿಸಲು ಕೊಟ್ಟಳು. ಆ ಫ್ರಾಂಜ್ ವೆರೋನಾದಲ್ಲಿ ಕುಡಿಯುತ್ತಾ, ಇನ್ನೊಬ್ಬಳ ಜೊತೆ ಇದ್ದ. ಅವಮಾನಗೊಂಡ ಲಿವಿಯಾ ಅವನ ಗುಟ್ಟನ್ನು ಸೇನಾಧಿಕಾರಿಗೆ ತಿಳಿಸಿದಳು. ಅವನನ್ನು ಗುಂಡಿಕ್ಕಿ ಕೊಂದರು. ಹೋರಾಟದ ಹಣ ಮಾತ್ರ ವಾಪಸು ಬರಲಿಲ್ಲ.

ಪರದೇಶದಲ್ಲಿರುವ ನಮ್ಮ ಕೈಗೂ ಇಂಥ ಹಣ ಬರುತ್ತದೆ. ಯಾರದೋ ಆಪರೇಷನ್, ಯಾರದೋ ಪಾರ್ಥಿವ ಶರೀರ ಊರಿಗೆ ಕಳಿಸಬೇಕು. ಸಂಬಳ ಬಂದ ದಿನವೇ ನಾವು ಕೊಡುತ್ತೇವೆ. ಬಹಳ ಸಲ ಅದು ಒಬ್ಬರ ಸ್ವಂತ ಖಾತೆಗೆ ಹೋಗುತ್ತದೆ. ‘ನಮ್ಮವರೇ ತಾನೇ, ಲೆಕ್ಕ ಹೇಗೆ ಕೇಳೋದು?’ ಎಂದು ಸುಮ್ಮನಾಗುತ್ತೇವೆ.

ಲಿವಿಯಾಳೂ ಉಸ್ಸೋನಿಗೆ ನಮ್ಮವಳೇ. ಒಳ್ಳೆಯವರಿಗೂ ದುರ್ಬಲ ಗಳಿಗೆ ಬರುತ್ತದೆ: ಮನೆಯಲ್ಲಿ ಕಾಯಿಲೆ, ಕೆಲಸ ಹೋದ ತಿಂಗಳು, ಮಗಳ ಫೀಸು. ‘ಮುಂದಿನ ವಾರ ತುಂಬಿಸುತ್ತೇನೆ’ ಎಂಬ ಮಾತು ಅಂಥ ಗಳಿಗೆಯಲ್ಲಿ ಹುಟ್ಟುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಇಲ್ಲಿನ ಕಾನೂನು ಒಪ್ಪುವ ರೀತಿಯಲ್ಲೇ ಹಣ ಕೂಡಿಸೋಣ. ಖಾತೆ ಸಂಘದ ಹೆಸರಿನಲ್ಲಿರಲಿ, ಇಬ್ಬರ ಸಹಿ ಇರಲಿ. ಬಂದ ಹಣಕ್ಕೆ ಅಂದೇ ರಸೀದಿ ಕೊಡಿ. ಸಮಿತಿಯಲ್ಲಿಲ್ಲದ ಒಬ್ಬರು ಲೆಕ್ಕ ನೋಡಲಿ. ಖಜಾಂಚಿಗಳು ಇದನ್ನು ಅನುಮಾನ ಎಂದುಕೊಳ್ಳಬಾರದು. ಎರಡನೇ ಸಹಿ ಮೊದಲು ಕಾಯುವುದು ಅವರನ್ನೇ.