ಸಂಚಿಯೊಳಗಿನ ಕಿಡಿ

‘ಮಾತಿನ ಚಕಮಕಿ’ ಎಂದು ಪತ್ರಿಕೆಯಲ್ಲಿ ಓದಿರುತ್ತೀರಿ, ಮಕ್ಕಳೇ. ಚಕಮಕಿ ಮೊದಲಿಗೆ ಮಾತಿನದಲ್ಲ, ಕಲ್ಲು ಮತ್ತು ಉಕ್ಕಿನದು. ಹಿಂದೆ ಟಿಬೆಟ್ಟಿನ ಜನ ಅದನ್ನು ಸೊಂಟಕ್ಕೆ ತೂಗುಹಾಕಿಕೊಂಡೇ ಓಡಾಡುತ್ತಿದ್ದರು.

ಅದೊಂದು ಪುಟ್ಟ ಚರ್ಮದ ಸಂಚಿ. ಅದರ ಕೆಳಅಂಚಿಗೆ ದೋಣಿಯ ತಳದಂತೆ ಬಾಗಿದ ಉಕ್ಕಿನ ಪಟ್ಟಿ. ಮೈಮೇಲೆ ಹಿತ್ತಾಳೆ, ಬೆಳ್ಳಿಯ ಕುಸುರಿ. ಕೆಲವಕ್ಕೆ ಹವಳವೂ ಉಂಟು. ಒಳಗೆ ಒಂದು ಚೂರು ಚಕಮಕಿ ಕಲ್ಲು, ಕಿಡಿ ಹಿಡಿಯಲು ಒಂದು ಚಿಟಿಕೆ ಒಣಗಿದ ನಾರು. ಹೆಸರು ಮೆಚಾಕ್. ಟಿಬೆಟ್ ಭಾಷೆಯಲ್ಲಿ ‘ಮೆ’ ಅಂದರೆ ಬೆಂಕಿ, ‘ಚಾಕ್’ ಅಂದರೆ ಕಬ್ಬಿಣ.

ಹೆಸರಿನಲ್ಲೇ ವಿಜ್ಞಾನವಿದೆ ನೋಡಿ! ಕಲ್ಲನ್ನು ಉಕ್ಕಿನ ಪಟ್ಟಿಗೆ ಹೊಡೆದಾಗ ಕಿಡಿ ಕಲ್ಲಿನಿಂದ ಹಾರಿತು ಎಂದು ನಮಗೆ ಅನ್ನಿಸುತ್ತದೆ. ನಿಜವಾಗಿ ಉರಿಯುವುದು ಕಬ್ಬಿಣ. ಗಟ್ಟಿಯಾದ ಕಲ್ಲಿನ ಚೂಪು ಅಂಚು ಉಕ್ಕಿನಿಂದ ಧೂಳಿನಷ್ಟು ಸಣ್ಣ ಚೂರನ್ನು ಹೆರೆದು ಹಾಕುತ್ತದೆ. ಉಜ್ಜಿದ ಬಿಸಿಗೆ ಆ ಚೂರು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಫಳ್ಳನೆ ಉರಿಯುತ್ತದೆ. ಮೊಳೆಗೆ ತಿಂಗಳುಗಟ್ಟಲೆ ತುಕ್ಕು ಹಿಡಿಯುತ್ತದಲ್ಲ, ಹೆಚ್ಚುಕಡಿಮೆ ಅದೇ ಕೆಲಸ ಇಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ.

ಒಲೆಗೂ ಇದೇ ಕಿಡಿ, ಕೋವಿಗೂ ಇದೇ ಕಿಡಿ. ಟಿಬೆಟ್ಟಿನವರದು ಬತ್ತಿ ಕೋವಿ: ಕಿಡಿಯಿಂದ ಬತ್ತಿ ಹೊತ್ತಿಸಿ, ಆ ಬತ್ತಿಯಿಂದ ಕೋವಿಯ ಮದ್ದಿಗೆ ಬೆಂಕಿ ತಾಗಿಸುವಂಥದ್ದು. 1904ರಲ್ಲಿ ಬ್ರಿಟಿಷ್ ಸೇನೆ ಟಿಬೆಟ್ಟಿನ ಲಾಸಾ ನಗರದತ್ತ ನಡೆದಾಗಲೂ ಅನೇಕ ಟಿಬೆಟ್ ಯೋಧರ ಕೈಯಲ್ಲಿ ಇದ್ದದ್ದು ಅದೇ. ಉದ್ದ ನಳಿಗೆ ಅಲುಗಾಡದಿರಲೆಂದು ಮುಂದುಗಡೆ ಎರಡು ಕಾಲುಗಳ ಊರುಗೋಲು. ಅದರ ತುದಿಗೆ ಚಿರು ಎಂಬ ಪ್ರಾಣಿಯ ಕೊಂಬು ಸಿಕ್ಕಿಸುವುದೂ ಇತ್ತು. ಮದ್ದು ತುಂಬಿಡಲೂ ಕೊಂಬೇ. ಕೊಂಬು ನಮ್ಮ ಉಗುರಿನ ಜಾತಿಯದು: ಹಗುರ, ಒಳಗಿನ ಮದ್ದಿಗೆ ತೇವ ತಾಗಗೊಡುವುದಿಲ್ಲ, ಕಲ್ಲಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಎಂಥ ಜಾಣ ಆಯ್ಕೆ!

ಲಾಸಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿಯ ಒತ್ತಡ ಕಡಲತೀರದ ಮೂರರಲ್ಲಿ ಎರಡು ಪಾಲಿನಷ್ಟೇ. ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆಯಾಗಿ ಹತ್ತುವವರಿಗೆ ಏದುಸಿರು ಬರುತ್ತದೆ. ಆದರೆ ಕೋವಿಯ ಮದ್ದಿಗೆ ಆ ಕಷ್ಟವಿಲ್ಲ. ಅದರಲ್ಲಿ ಇದ್ದಿಲು, ಗಂಧಕದ ಜೊತೆ ಪೆಟ್ಲುಪ್ಪು ಇರುತ್ತದೆ. ಉರಿಯಲು ಬೇಕಾದ ಆಮ್ಲಜನಕವನ್ನು ಆ ಉಪ್ಪೇ ಒದಗಿಸುತ್ತದೆ. ಮದ್ದು ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬಂದಂತೆ.

ಈ ದೀಪಾವಳಿಗೆ ದೊಡ್ಡವರ ಜೊತೆ ನಿಂತು ಸುರುಸುರು ಬತ್ತಿ ಹಚ್ಚಿದಾಗ ಚೆಲ್ಲುವ ಚಿನ್ನದ ಬಣ್ಣದ ನಕ್ಷತ್ರಗಳನ್ನು ಗಮನಿಸಿ. ಅಲ್ಲಿ ಉರಿಯುತ್ತಿರುವುದೂ ಕಬ್ಬಿಣದ ಪುಡಿಯೇ.