ಒಂದು ಗೆರೆ ಮತ್ತು ಅಂಚೆಗೆ ಹಾಕದ ಪತ್ರಗಳು



ದೇಶ ವಿಭಜನೆಯ ಕುರಿತು ನಾವು ಅನೇಕ ಭಾಷಣಗಳನ್ನು ಕೇಳಿದ್ದೇವೆ. ತಪ್ಪು ಯಾರದೆಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಆ ಗಡಿರೇಖೆಯು ಅಕ್ಕತಂಗಿಯರ ನಡುವೆ ಹೇಗೆ ಹಾದುಹೋಯಿತೆಂದು ಹೇಳಿದವರು ವಿರಳ. ಯಾವ ಘೋಷಣೆಯನ್ನೂ ಕೂಗದೆ, ಮರದ ಹಲಗೆಯನ್ನು ಕೆತ್ತಿ, ಕಾಗದದ ಮೇಲೆ ಅಚ್ಚೊತ್ತಿ ಅದನ್ನು ಹೇಳಿದ ಕಲಾವಿದೆ ಝರೀನಾ ಹಾಶ್ಮಿ. ಇಂದು ಅವರ ಬಗ್ಗೆ ಕೆಲವು ಮಾತುಗಳನ್ನು ನಿಮ್ಮ ಮುಂದಿಡಬಯಸುತ್ತೇವೆ.

ಝರೀನಾ ಜನಿಸಿದ್ದು 1937ರಲ್ಲಿ, ಅಲಿಗಢದಲ್ಲಿ. ತಂದೆ ಅಲಿಗಢ ಮುಸ್ಲಿಮ್ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರು. ಮಗಳು ಅಲ್ಲಿಯೇ ಗಣಿತದಲ್ಲಿ ಪದವಿ ಪಡೆದರು. ರಾಜತಾಂತ್ರಿಕ ಅಧಿಕಾರಿಯೋರ್ವರನ್ನು ವಿವಾಹವಾಗಿ ವಿದೇಶಕ್ಕೆ ತೆರಳಿದರು. ಪ್ಯಾರಿಸ್‌ನಲ್ಲಿ ಹೇಟರ್ ಅವರ ಕಾರ್ಯಾಗಾರದಲ್ಲಿ ಅಚ್ಚುಚಿತ್ರ ಕಲೆಯನ್ನು ಕಲಿತರು. ಇತ್ತ 1959ರಲ್ಲಿ ಹೆತ್ತವರು ಪಾಕಿಸ್ತಾನಕ್ಕೆ ಹೋಗಿ ನೆಲೆಸಿದರು. 1947ರಲ್ಲಿ ಎಳೆದ ಗೆರೆ ಆ ಮನೆಯನ್ನು ಒಡೆದದ್ದು ಹನ್ನೆರಡು ವರ್ಷಗಳ ತರುವಾಯ.

ಅವರಿಗೆ ಯಾರೂ ಗಡಿಪಾರಿನ ಆದೇಶ ನೀಡಿರಲಿಲ್ಲ. ಆದರೆ ಮರಳಿ ಬರಲು ತವರುಮನೆಯೇ ಇಲ್ಲವಾದರೆ ಅದನ್ನು ಬೇರೇನೆಂದು ಕರೆಯಬೇಕು? ರಾಜಕೀಯದ ತೀರ್ಮಾನಗಳು ಆದೇಶಪತ್ರವಿಲ್ಲದೆಯೂ ಮನುಷ್ಯರನ್ನು ಪರದೇಶಿಗಳನ್ನಾಗಿಸುತ್ತವೆ.

1999ರ ಅವರ ಕೃತಿಮಾಲೆಯಲ್ಲಿ 36 ಅಚ್ಚುಚಿತ್ರಗಳಿವೆ. ಹೊಸ್ತಿಲು, ಬಾಗಿಲು, ಅಂಗಳ, ಗಡಿ ಹೀಗೆ ಒಂದೊಂದು ಚಿತ್ರಕ್ಕೂ ಒಂದೊಂದು ಉರ್ದು ಪದ. ಆ ಮಾಲೆಗೆ ಅವರಿಟ್ಟ ಹೆಸರಿನ ಅರ್ಥ, ಮನೆಯೆಂಬುದು ಪರದೇಶ.

2001ರ ಇನ್ನೊಂದು ಚಿತ್ರದ ಹೆಸರು 'ವಿಭಜಿಸುವ ಗೆರೆ'. ಕಾಗದದ ಮೇಲೆ ಭಾರತ ಪಾಕಿಸ್ತಾನಗಳ ನಡುವಣ ಅಂಕುಡೊಂಕಾದ ಗಡಿಯ ಹೊರತು ಮತ್ತೇನೂ ಇಲ್ಲ. ಮರದ ಅಚ್ಚಿನಲ್ಲಿ ಕೆತ್ತಿ ತೆಗೆದ ಭಾಗ ಬಿಳಿಯಾಗಿಯೇ ಉಳಿಯುತ್ತದೆ, ಕೆತ್ತದೆ ಬಿಟ್ಟ ಭಾಗಕ್ಕೆ ಮಸಿ ಹತ್ತುತ್ತದೆ. ಗೆರೆ ಕಪ್ಪಾಗಿ ಮೂಡಬೇಕಾದರೆ ಅದರ ಎರಡೂ ಬದಿಯ ನೆಲವನ್ನು ಕೆತ್ತಿ ತೆಗೆಯಬೇಕು. ಝರೀನಾ ಹಾಗೆಯೇ ಮಾಡಿದರು. ಗೆರೆ ಉಳಿಯಿತು, ಎರಡೂ ಕಡೆಯ ನೆಲ ಹೋಯಿತು. ವಿಭಜನೆಯ ಬಗ್ಗೆ ಇದಕ್ಕಿಂತ ಮಿಗಿಲಾದ ವ್ಯಾಖ್ಯಾನವನ್ನು ನಾವು ಕಂಡಿಲ್ಲ.

ಇನ್ನು ಪತ್ರಗಳ ವಿಷಯ. ಪಾಕಿಸ್ತಾನದಲ್ಲಿದ್ದ ಅಕ್ಕ ರಾಣಿಯವರು ತಂಗಿಗೆ ಉರ್ದುವಿನಲ್ಲಿ ಪತ್ರಗಳನ್ನು ಬರೆದಿದ್ದರು. ಹೆತ್ತವರ ಮರಣ, ಮನೆಯ ಮಾರಾಟ ಇವೇ ಅದರ ಸುದ್ದಿ. ಆದರೆ ಅವನ್ನು ಅಂಚೆಗೆ ಹಾಕಿರಲಿಲ್ಲ. ವರ್ಷಗಳ ಬಳಿಕ ಅವು ತಂಗಿಯ ಕೈಸೇರಿದವು. 2004ರಲ್ಲಿ ಝರೀನಾ ಆ ಕೈಬರಹವನ್ನೇ ಅಚ್ಚಾಗಿಸಿ, ಅದರ ಮೇಲೆ ಮನೆಯ ಮತ್ತು ನಗರಗಳ ನಕ್ಷೆಗಳನ್ನು ಮೂಡಿಸಿದರು. ಅಕ್ಕ ಒಬ್ಬಳೇ ನುಂಗಿಕೊಂಡ ದುಃಖಕ್ಕೆ ಹೀಗೆ ಇತಿಹಾಸದಲ್ಲಿ ಸ್ಥಾನ ದೊರೆಯಿತು.

2011ರಲ್ಲಿ ವೆನಿಸ್‌ನ ಕಲಾಮೇಳದಲ್ಲಿ ಭಾರತವು ಪ್ರಥಮ ಬಾರಿಗೆ ತನ್ನ ಅಧಿಕೃತ ಮಂಟಪವನ್ನು ತೆರೆದಾಗ ಅಲ್ಲಿದ್ದ ಕಲಾವಿದರಲ್ಲಿ ಝರೀನಾ ಒಬ್ಬರು. ಹೆತ್ತವರು ಗಡಿಯಾಚೆ ಇದ್ದರೆಂಬುದು ಅದಕ್ಕೆ ಅಡ್ಡಿಯಾಗಲಿಲ್ಲ. ಬಂಧುಗಳ ವಿಳಾಸವನ್ನು ನೋಡಿ ನಿಷ್ಠೆಯನ್ನು ಅಳೆಯುವವರು ಇದನ್ನು ಗಮನಿಸಬೇಕು. 2020ರಲ್ಲಿ ಅವರು ಲಂಡನ್‌ನಲ್ಲಿ ನಿಧನರಾದರು.

ಸಹೋದರರೇ, ನಮ್ಮ ಕಡೆಯೂ ಒಂದು ಲೋಪವಿದೆ. ನಮ್ಮ ಚರಿತ್ರೆಯನ್ನು ಇತರರು ತಿರುಚುತ್ತಾರೆಂದು ನಾವು ದೂರುತ್ತೇವೆ. ಆದರೆ ಅಜ್ಜಿಯ ಟ್ರಂಕಿನಲ್ಲಿದ್ದ ಪತ್ರಗಳನ್ನು ಹಳೆಯ ಕಾಗದವೆಂದು ತೂಕಕ್ಕೆ ಹಾಕಿದವರು ಯಾರು? ಆಕೆ ಬರೆದ ಲಿಪಿಯನ್ನು ಓದಲಾರದ ಮೊಮ್ಮಕ್ಕಳನ್ನು ಬೆಳೆಸಿದವರು ಯಾರು? ಹೆಂಗಸರ ಬರಹದಲ್ಲಿ ಅಡಿಗೆ, ಕಾಯಿಲೆ, ಮದುವೆಯ ಸುದ್ದಿಯಲ್ಲದೆ ಏನಿರುತ್ತದೆಂದು ನಾವು ಕಡೆಗಣಿಸಿದೆವು. ಕುಟುಂಬದ ಇತಿಹಾಸ ಇರುವುದು ಅಲ್ಲಿಯೇ.

ಆದ್ದರಿಂದ ಇಂದು ಮನೆಗೆ ಮರಳಿದ ಮೇಲೆ ಆ ಟ್ರಂಕನ್ನು ತೆರೆಯೋಣ. ಹಿರಿಯರು ಓದಲಿ, ಮಕ್ಕಳು ಕನ್ನಡದಲ್ಲಿ ಬರೆದಿಟ್ಟುಕೊಳ್ಳಲಿ. ಓದಬಲ್ಲವರು ನಮ್ಮ ನಡುವೆ ಇನ್ನೂ ಇದ್ದಾರೆ, ಆದರೆ ಅವರಿಗೆ ವಯಸ್ಸಾಗುತ್ತಿದೆ.