ಹಳೆಯ ಸೇತುವೆ



ಹೈದರಾಬಾದಿನಲ್ಲಿ ಮೂಸಿ ನದಿಗೆ ಒಂದು ಕಲ್ಲಿನ ಸೇತುವೆಯುಂಟು. ಪುರಾನಾಪುಲ್ ಎಂದು ಕರೆಯುತ್ತಾರೆ. ಹಳೆಯ ಸೇತುವೆ ಎಂದೇ ಅದರ ಅರ್ಥ. ನಮ್ಮ ಕಲಬುರ್ಗಿ, ಬೀದರ, ರಾಯಚೂರು ಕಡೆಯವರಿಗೆ 1956ರ ತನಕ ಹೈದರಾಬಾದೇ ರಾಜಧಾನಿ. ಕೋರ್ಟು ಕಚೇರಿಗೆಂದು ಹೋದ ಎಷ್ಟೋ ಹಿರಿಯರು ಅದನ್ನು ದಾಟಿದವರೇ.

ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಹಾ 1578ರಲ್ಲಿ ಕಟ್ಟಿಸಿದ್ದು. ಇಪ್ಪತ್ತೆರಡು ಕಮಾನು. ಹೈದರಾಬಾದ್ ನಗರ ಹುಟ್ಟಿದ್ದು 1591ರಲ್ಲಿ. ಮೊದಲು ಸೇತುವೆಯಾಯಿತು, ಆಮೇಲೆ ಊರಾಯಿತು! ರಾಜಕುಮಾರನು ಪ್ರೇಯಸಿಯನ್ನು ಕಾಣಲು ತುಂಬಿದ ಹೊಳೆಗೆ ಕುದುರೆ ಇಳಿಸಿದ, ಮಗನ ಜೀವಕ್ಕೆ ಅಂಜಿ ತಂದೆ ಸೇತುವೆ ಕಟ್ಟಿಸಿದ ಎಂದು ಜನ ಹೇಳುತ್ತಾರೆ. ಲೆಕ್ಕ ಹಾಕಿದರೆ ಆ ಹುಡುಗನಿಗೆ ಆಗ ಹದಿಮೂರರ ಹತ್ತಿರ. ಕಥೆ ಇರಲಿ ಬಿಡಿ.

1908ರ ಸೆಪ್ಟೆಂಬರ್ 28ರಂದು ಮೂಸಿಗೆ ಮಹಾಪೂರ ಬಂತು. ಸುಮಾರು ಹದಿನೈದು ಸಾವಿರ ಜನ ಸತ್ತರೆಂದು ಅಂದಾಜು. ಒಂದು ಹುಣಸೆಮರ ಏರಿ ಕುಳಿತ ನೂರೈವತ್ತು ಜನ ಬದುಕಿಕೊಂಡರು. ಈಚೆಗೆ ಕಟ್ಟಿದ ಮೂರು ಸೇತುವೆಗಳು ಕೊಚ್ಚಿಹೋದವು. ಎರಡು ದಂಡೆಗಳನ್ನು ಕೂಡಿಸಲು ಉಳಿದದ್ದು ಈ ಮುದುಕ ಸೇತುವೆಯೊಂದೇ. ಮರುವರ್ಷ ನಮ್ಮ ವಿಶ್ವೇಶ್ವರಯ್ಯನವರನ್ನು ಅಲ್ಲಿಗೆ ಕರೆಸಿದರು. ಅವರ ಸಲಹೆಯಂತೆ ನಗರದ ಮೇಲ್ಭಾಗದಲ್ಲಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ಎರಡು ಕೆರೆಗಳಾದವು.

ಕಮಾನು ನಿಲ್ಲುವ ಬಗೆಯನ್ನು ಸ್ವಲ್ಪ ನೋಡಿರಿ. ಅದರೊಳಗಿನ ಒಂದೊಂದು ಕಲ್ಲೂ ಬೀಳಲಿಕ್ಕೆ ಹೊರಟ ಕಲ್ಲೇ. ಆದರೆ ಬೀಳುವಾಗ ಪಕ್ಕದ ಕಲ್ಲಿಗೆ ಒರಗುತ್ತದೆ, ಅದು ಇದಕ್ಕೆ ಒರಗುತ್ತದೆ, ಯಾವುದೂ ಬೀಳುವುದಿಲ್ಲ. ಮೇಲೆ ಭಾರ ಬಿದ್ದಷ್ಟೂ ಇನ್ನಷ್ಟು ಒತ್ತಿ ಕೂಡುತ್ತವೆ. ಕಟ್ಟುವಾಗ ಮಾತ್ರ ಕೆಳಗೆ ಕಟ್ಟಿಗೆಯ ಆಸರೆ ಬೇಕು. ನೆತ್ತಿಯ ಕಲ್ಲು ಕೂತ ಮೇಲೆ ಆಸರೆ ತೆಗೆಯುತ್ತಾರೆ. ಗುರುವಿನ ಕೆಲಸವೂ ಆ ಕಟ್ಟಿಗೆಯದೇ ಎಂದು ನಮಗೆ ಅನಿಸುತ್ತದೆ. ತೆಗೆದ ದಿನ ನೀವು ನಿಲ್ಲಬೇಕು.

ಇದನ್ನೆಲ್ಲ ಇವತ್ತೇ ಏಕೆ ಹೇಳಿದೆವು? ನಿನ್ನೆ ದಾಸೋಹದಲ್ಲಿ ಎರಡು ಪಂಕ್ತಿಗಳಾದವೆಂದು ಕೇಳಿದೆವು. ಮೇಲಿನ ಓಣಿಯವರು ಒಂದು ಕಡೆ, ಹಳ್ಳದಾಚೆಯವರು ಒಂದು ಕಡೆ. ಯಾರು ಮೊದಲು ಎದ್ದು ಹೋದರು ಎಂದು ನಾವು ವಿಚಾರಿಸಿಲ್ಲ, ವಿಚಾರಿಸುವುದೂ ಇಲ್ಲ. ಕಲ್ಯಾಣದ ಶರಣರ ಹೆಸರು ಹೇಳಿ ಉಣ್ಣುವ ಅನ್ನವದು. ಇಂದು ರಾತ್ರಿ ಒಂದೇ ಪಂಕ್ತಿ ಹಾಸಲು ಹೇಳಿದ್ದೇವೆ. ನಡುವೆ ನಾವೂ ಕೂಡುತ್ತೇವೆ. ನಮ್ಮ ಎಡಕ್ಕೂ ಬಲಕ್ಕೂ ಜಾಗ ಖಾಲಿ ಇದೆ.